ಹದಿನೇಳು ಹನಿ

ಮಾರ್ಚ್ ೪, ಸೋಮವಾರ

ತಾಮ್ರದ ಗಣಿಯ ಪತ್ರಗಳು ಇವತ್ತು ಶುರುವಾದವು. ಪರಿಸರ ಪರಿಶೀಲನೆಯ ಕರಡು ವರದಿ ಹೊರಬಿದ್ದು ಹತ್ತು ದಿನವಾಗಿದೆ. ಮೂರು ಸಂಪುಟ, ಒಂದೊಂದೂ ತಲೆದಿಂಬಿನಷ್ಟು ದಪ್ಪ. ಜನ ಅದನ್ನು ಓದಿ ಏಪ್ರಿಲ್ ಇಪ್ಪತ್ತರೊಳಗೆ ತಮ್ಮ ಮಾತು ಬರೆದು ಕಳಿಸಬಹುದು. ಮೊದಲ ದಿನವೇ ನಾಲ್ಕು ಚೀಲ ಬಂದಿವೆ. ವರದಿ ಓದಿದವರು ಎಷ್ಟು ಮಂದಿಯೋ, ಬೈಯುವ ಉತ್ಸಾಹಕ್ಕಂತೂ ಕೊರತೆಯಿಲ್ಲ.

ನನ್ನ ಕೆಲಸ ಪತ್ರ ಓದುವುದು, ಚೀಟಿ ಅಂಟಿಸುವುದು. ನೀರಿನ ಮಾತಿದ್ದರೆ ನೀಲಿ ಚೀಟಿ, ಗಾಳಿ ದೂಳಿನದಾದರೆ ಬಿಳಿ, ದುಡಿಮೆ ಬದುಕಿನದಾದರೆ ಹಳದಿ, ಬರೀ ಸಿಟ್ಟು ಸಂಕಟವಾದರೆ ಬೂದು. ಒಂದೇ ಪತ್ರದಲ್ಲಿ ನಾಲ್ಕು ಮಾತಿದ್ದರೆ ನಾಲ್ಕೂ ಚೀಟಿ ಬೀಳಬೇಕು. ನೀಲಿ ಬಿದ್ದ ಪತ್ರ ಮೂರನೇ ಮಹಡಿಯ ನೀರಿನ ತಜ್ಞರ ಟ್ರೇಗೆ ಹೋಗುತ್ತದೆ. ಅದನ್ನು ಅವರು ಓದಲೇಬೇಕು, ಪರೀಕ್ಷಿಸಿ ಉತ್ತರ ಕೊಡಲೇಬೇಕು, ಅದು ಕಾನೂನು. ಹಳದಿಗೂ ಬೂದುಬಣ್ಣಕ್ಕೂ ಸಿದ್ಧ ಉತ್ತರಗಳಿವೆ. ಬೂದುಬಣ್ಣದ್ದು ಒಂದೇ ಪದ: ಗಮನಿಸಲಾಗಿದೆ.

ಟೀ ಕುಡಿಯುವಾಗ ಇದನ್ನೆಲ್ಲ ನಮ್ಮವರಿಗೆ ವಿವರಿಸಿದೆ. ಅವರು ಸಿಟಿ ಬಸ್ಸಿನ ಡ್ರೈವರು. ಇಡೀ ದಿನ ಹಾರ್ನ್ ಕೇಳಿ ಕೇಳಿ ಮನೆಯಲ್ಲಿ ಮಾತು ಕಮ್ಮಿ, ಆಡಿದರೆ ಚುಚ್ಚುವಂಥದ್ದೇ. "ಹಾಗಾದ್ರೆ ಇಷ್ಟು ವರ್ಷ ನನ್ನ ಮಾತಿಗೆಲ್ಲ ಬೂದು ಚೀಟೀನೇ ಅಂಟಿಸ್ತಿದ್ದೆ ಅನ್ನು" ಎಂದರು.

ಆಫೀಸಿನ ಪೆನ್ಸಿಲ್ ಒಂದು ನನ್ನ ಚೀಲದಲ್ಲಿ ಮನೆಗೆ ಬಂದುಬಿಟ್ಟಿದೆ. ನಾಳೆ ಮರೆಯದೆ ವಾಪಸ್ ಇಡಬೇಕು.

ಮಾರ್ಚ್ ೭, ಗುರುವಾರ

ಪೆನ್ಸಿಲ್ ವಾಪಸ್ ಇಟ್ಟೆ. ನಮ್ಮ ಮೇಲಧಿಕಾರಿ ಮೇಡಂ ನೋಡಿ ನಕ್ಕರು. ಅವರಿಗೆ ಆಫೀಸಿನಲ್ಲಿ ಎಲ್ಲರೂ ಇಟ್ಟಿರುವ ಹೆಸರು ಪೂರ್ಣವಿರಾಮ. ಅವರು ಬಾಯಿ ತೆರೆದರೆ ಚರ್ಚೆ ಮುಗಿದಂತೆ. "ನಿನ್ನಂಥವರು ಇರೋದಕ್ಕೇ ಈ ಆಫೀಸಿಗೆ ಮರ್ಯಾದೆ" ಎಂದರು. ಹೊಗಳಿಕೆಯೋ ಗೇಲಿಯೋ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಚೀಟಿ ಅಂಟಿಸಲು ನಾವಿಬ್ಬರಿರಬೇಕಿತ್ತು. ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ. ಆರು ತಿಂಗಳು ಎಲ್ಲವೂ ನನ್ನ ತಲೆಗೇ.

ಸಂಜೆ ಅಕ್ಕನ ಫೋನು. ಗಣಿ ಬರಬೇಕೆಂದಿರುವ ಬೆಟ್ಟದ ಕೆಳಗೇ ಅವಳ ಲಾಂಡ್ರಿ. ಆಸ್ಪತ್ರೆ, ವಸತಿಗೃಹಗಳ ಹೊದಿಕೆಗಳನ್ನೆಲ್ಲ ಒಗೆಯುವ ದೊಡ್ಡ ಲಾಂಡ್ರಿ. ಹನ್ನೊಂದು ಹೆಂಗಸರು ದುಡಿಯುತ್ತಾರೆ. ನೀರು ಬೆಟ್ಟದ ಬುಡದ ಒರತೆಯದು. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ನನ್ನ ಶಾಲೆಯ ಪಾಠವೆಲ್ಲ ಅಲ್ಲಿ ಹೊದಿಕೆ ಮಡಿಸುವ ಮೇಜಿನ ಮೇಲೆ ನಡೆದದ್ದು.

"ನಾನೂ ಒಂದು ಪತ್ರ ಬರೀತಿದೀನಿ ಕಣೇ. ನಿನ್ನ ಕೈಗೇ ಬರುತ್ತಾ?" ಎಂದಳು.

"ಎಲ್ಲರ ಪತ್ರದ ಹಾಗೆ ಬರುತ್ತೆ ಅಕ್ಕ. ಅದರ ಬಗ್ಗೆ ನನ್ನ ಹತ್ರ ಮಾತಾಡ್ಬೇಡ. ತಪ್ಪಾಗುತ್ತೆ."

"ಆಯ್ತು ಮಹಾರಾಯ್ತಿ," ಎಂದು ನಕ್ಕಳು. ಆಮೇಲೆ ಅರ್ಧ ಗಂಟೆ ಬಾಯ್ಲರಿನ ಹೊಸ ಹುಡುಗಿಯ ಸೋಮಾರಿತನದ ಕಥೆ. ಅಕ್ಕನಿಗೆ ಮುಖ್ಯ ಮಾತು ಯಾವತ್ತೂ ಕೊನೆಗೇ ಬರುವುದು.

ಮಾರ್ಚ್ ೧೯, ಮಂಗಳವಾರ

ಅಕ್ಕನ ಪತ್ರ ಬಂತು. ಸಾವಿರದ ನೂರ ನಲವತ್ತಾರನೇ ನಂಬರು. ಜೊತೆಗೆ ಲಾಂಡ್ರಿಯ ದಾರದಲ್ಲೇ ಕಟ್ಟಿದ ಒಂದು ಭಾರದ ಗಂಟು. ಆ ಗಂಟಿನ ಶೈಲಿ ನನಗೆ ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ.

ನಿಯಮದ ಪ್ರಕಾರ ಸಂಬಂಧಿಕರ ಪತ್ರವನ್ನು ಬೇರೆಯವರಿಗೆ ಕೊಡಬೇಕು. ಕೊಡಲು ಬೇರೆ ಯಾರಿದ್ದಾರೆ? ಪೂರ್ಣವಿರಾಮರ ಹತ್ತಿರ ಹೋಗಿ ಹೇಳಿದೆ. "ನೀನೇ ಮಾಡು. ಪಕ್ಷಪಾತ ಮಾಡಲ್ಲ ಅಂತ ನಂಬಿಕೆ ಇದೆ" ಎಂದರು.

ಮಾಡಲಿಲ್ಲ. ಈ ಮಾತನ್ನು ಇಲ್ಲಿ ಸಮಾಧಾನದಿಂದ ಬರೆದಿಡುತ್ತಿದ್ದೇನೆ. ಮೊದಲ ಪುಟ ಓದಿದೆ: ಲಾಂಡ್ರಿ, ಹನ್ನೊಂದು ಹೆಂಗಸರು, ಅವರ ಮಕ್ಕಳ ಓದು, ಯಾರ ಸೊಂಟಕ್ಕೆ ಯಾವ ನೋವು. ಎರಡನೇ ಪುಟದಲ್ಲೂ ಅದೇ. ಓದುತ್ತ ಓದುತ್ತ ಗಂಟಲು ಕಟ್ಟಿತು. ಅದೇ ನನ್ನನ್ನು ಎಚ್ಚರಿಸಿದ್ದು. ಬೇರೆ ಯಾರದೋ ಪತ್ರಕ್ಕೆ ಗಂಟಲು ಕಟ್ಟುತ್ತಿತ್ತೇ? ಅಲ್ಲಿಗೇ ನಿಲ್ಲಿಸಿದೆ. ದುಡಿಮೆ, ಬದುಕು. ಹಳದಿ ಚೀಟಿ ಅಂಟಿಸಿದೆ. ಗಂಟನ್ನು ಬಿಚ್ಚಲಿಲ್ಲ, ಬಿಚ್ಚಿದರೆ ಮತ್ತೆ ಕರಗಿಬಿಡುತ್ತೇನೆಂದು ಗೊತ್ತಿತ್ತು. ಅದನ್ನು ನೆಲಮಾಳಿಗೆಯ ಹಳದಿ ಕಪಾಟಿಗೆ ಕಳಿಸಿದೆ. ಎರಡು ನಿಮಿಷದ ಕೆಲಸ. ಸಾಮಾನ್ಯವಾಗಿ ಒಂದು ಪತ್ರಕ್ಕೆ ಆರು ನಿಮಿಷ ಹಿಡಿಯುತ್ತದೆ.

ಏಪ್ರಿಲ್ ೧೪, ಭಾನುವಾರ

ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಪತ್ರದ ಮಾತು ಎತ್ತಬಾರದೆಂದು ಕಷ್ಟಪಟ್ಟು ತಡೆದುಕೊಂಡದ್ದು ಕೇಳಿಸುತ್ತಿತ್ತು. ಕೊನೆಗೆ ತಡೆಯಲಾರದೆ, "ಒಂದೇ ಒಂದು ಕೇಳ್ತೀನಿ. ತಲುಪಿದೆಯಾ?" ಎಂದಳು. ತಲುಪಿದೆ ಎಂದೆ. "ಸಾಕು ಬಿಡು. ಇನ್ನು ನಂಗೆ ಧೈರ್ಯ. ಓದಿದವರಿಗೆ ಗೊತ್ತಾಗುತ್ತೆ" ಎಂದಳು.

ಏನು ಗೊತ್ತಾಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬಾರದಿತ್ತು, ಸರಿಯಾಗಿಯೇ ಮಾಡಿದೆ.

ಏಪ್ರಿಲ್ ೨೬, ಶುಕ್ರವಾರ

ಒಟ್ಟು ನಾಲ್ಕು ಸಾವಿರದ ಇನ್ನೂರ ಹನ್ನೆರಡು ಪತ್ರಗಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದೇನೆ. ಕನ್ನಡಕದ ನಂಬರು ಹೆಚ್ಚಾಗಿರಬೇಕು.

ಒಬ್ಬ ಅಜ್ಜ ಪತ್ರದ ಬದಲು ಬೆಟ್ಟದ ಒಂದು ಕಲ್ಲು ಕಳಿಸಿದ್ದಾನೆ. ಕಲ್ಲಿಗೆ ಯಾವ ಚೀಟಿ? ಬೂದು ಅಂಟಿಸಿದೆ. ಅಂಟಲಿಲ್ಲ, ದಾರದಲ್ಲಿ ಕಟ್ಟಿದೆ. ಈ ಕಥೆ ಹೇಳಿದರೆ ನಮ್ಮವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ಪಾಪ, ಅಷ್ಟು ಭಾರ ಹೊತ್ಕೊಂಡು ಅಂಚೆ ಕಚೇರಿಗೆ ಹೋಗಿದಾನೆ" ಎಂದರು.

ಮೇ ೩, ಶುಕ್ರವಾರ

ಪಟ್ಟಿ ಮುಚ್ಚಿದೆವು. ಯಾವ ಪತ್ರಕ್ಕೆ ಯಾವ ಚೀಟಿ ಎಂಬ ಪಟ್ಟಿಗೆ ಪೂರ್ಣವಿರಾಮ ಸಹಿ ಹಾಕಿ, ಗಣಿ ಕಂಪನಿಯ ವಕೀಲರಿಗೆ ಒಂದು ಪ್ರತಿ, ಗಣಿ ಬೇಡವೆನ್ನುವವರಿಗೆ ಒಂದು ಪ್ರತಿ ಕೊಟ್ಟರು. ಇನ್ನು ಅದರಲ್ಲಿ ಒಂದು ಅಕ್ಷರವೂ ಬದಲಾಗುವಂತಿಲ್ಲ. ಕೇಕ್ ತಂದಿದ್ದರು. ನಾನು ಎರಡು ತುಂಡು ತಿಂದೆ.

ಮೇ ೮, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಊಟದ ಕೋಣೆಯಲ್ಲಿ ನೀರಣ್ಣ ನನ್ನ ಎದುರು ಬಂದು ಕೂತರು. ನೀರಣ್ಣ ಎಂದರೆ ಮೂರನೇ ಮಹಡಿಯ ನೀರಿನ ತಜ್ಞರು. ಎಲ್ಲರೂ ಕರೆಯುವುದು ಹಾಗೇ. ಒಳ್ಳೆಯ ಮನುಷ್ಯ, ಜಗಳಗಂಟ. ತಟ್ಟೆ ಮುಟ್ಟದೆ ಗೊಣಗುತ್ತಿದ್ದರು.

"ಬೆಟ್ಟದ ಬುಡದ ಆ ಒರತೆ ಬಗ್ಗೆ ವರದಿಯಲ್ಲಿ ಇವರು ಬರೆದಿರೋದು ನೋಡಿದ್ಯಾ? ಮಳೆ ನೀರು ಮೇಲ್ಮೇಲೆ ಇಂಗಿ ಬರೋ ಒರತೆಯಂತೆ. ಗಣಿಯವರು ಪಂಪ್ ಹಾಕಿ ಎಳೆಯೋದು ಆಳದ ನೀರಂತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ವಂತೆ. ಅಳತೆ ಎಷ್ಟು ಸಲ ತಗೊಂಡಿದಾರೆ ಅಂದ್ಕೊಂಡೆ? ಎರಡು ಸಲ. ಎರಡೂ ಮಳೆಗಾಲದಲ್ಲಿ."

"ಸುಳ್ಳು ಅಂತೀರಾ?"

"ನಂಗೆ ಹಾಗೇ ಅನ್ಸುತ್ತೆ. ಆಳದ ನೀರಾದ್ರೆ ವರ್ಷವಿಡೀ ಒಂದೇ ಬಿಸಿ ಇರುತ್ತೆ, ಒಂದೇ ಗಡಸು ಇರುತ್ತೆ. ಮಳೆ ನೀರಾದ್ರೆ ಏರುತ್ತೆ ಇಳಿಯುತ್ತೆ. ಅಲ್ಲಿ ಯಾರಾದ್ರೂ ಒಂದು ಐದು ವರ್ಷ ದಿನಾ ಅಳೆದು ಬರೆದಿಟ್ಟಿದ್ರೆ ಸಾಕಿತ್ತು, ಇವರ ಕುತ್ತಿಗೆ ಹಿಡೀತಿದ್ದೆ. ಗಣಿ ಆಳ ಅರ್ಧಕ್ಕೆ ಇಳಿಸ್ಬೇಕಾಗ್ತಿತ್ತು. ಯಾರು ಬರೆದಿಡ್ತಾರೆ ಹೇಳು?"

ಕೈ ತೊಳೆಯದೆ ನೆಲಮಾಳಿಗೆಗೆ ಓಡಿದೆ.

ಅಕ್ಕನ ಗಂಟು ಹಳದಿ ಕಪಾಟಿನ ಕೆಳಗಿನ ಸಾಲಿನಲ್ಲಿತ್ತು. ಬಿಚ್ಚಿದೆ. ಮೂವತ್ತೊಂದು ತೆಳುವಾದ ನೋಟುಬುಕ್ಕುಗಳು, ವರ್ಷಕ್ಕೊಂದು. ಮೊದಲನೆಯದು ನನ್ನ ಕೈಬರಹದಲ್ಲಿತ್ತು.

ಹದಿಮೂರು ವರ್ಷದವಳು ನಾನು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಒರತೆಯ ಹತ್ತಿರ ಮೊಳೆಗೆ ತೂಗುಹಾಕಿದ ಥರ್ಮಾಮೀಟರನ್ನು ನೀರಿಗೆ ಇಳಿಸಿ ನೋಡಬೇಕು. ಆಮೇಲೆ ಒಂದು ಶೀಶೆ ನೀರಿಗೆ ಸೋಪಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಬೇಕು. ಎಷ್ಟನೇ ಹನಿಗೆ ನೊರೆ ನಿಲ್ಲುತ್ತದೆಯೋ ಅಷ್ಟು ಗಡಸು ನೀರು. ಅವತ್ತಿನ ಹಂಡೆಗಳಿಗೆ ಸೋಪೆಷ್ಟು, ಬಾಯ್ಲರಿಗೆ ಉರಿಯೆಷ್ಟು ಎಂದು ಅಕ್ಕ ಅದನ್ನು ನೋಡಿಯೇ ಹೇಳುವುದು. ದಿನಾ ಬರೆಯುತ್ತಿದ್ದೆ: ಹತ್ತೊಂಬತ್ತು ಡಿಗ್ರಿ, ಹದಿನೇಳು ಹನಿ. ದಿನಾ ಒಂದೇ ಇರುತ್ತಲ್ಲ, ಯಾಕೆ ಬರೀಬೇಕು ಎಂದು ಜಗಳವಾಡಿದ್ದೆ. "ಒಂದೇ ಇದೆ ಅಂತ ಗೊತ್ತಾಗೋದಕ್ಕೇ ಬರೀಬೇಕು" ಎಂದಿದ್ದಳು ಅಕ್ಕ. ಮಳೆಗಾಲ, ಬೇಸಿಗೆ, ಚಳಿ. ಹತ್ತೊಂಬತ್ತು, ಹದಿನೇಳು. ಮೂವತ್ತೊಂದು ವರ್ಷ.

ಪತ್ರದ ಮೂರನೇ ಪುಟ ಓದಿದೆ. "ಈ ನೀರು ಮಳೆಯದಲ್ಲ, ಆಳದ್ದು ಎಂದು ನನ್ನ ಪುಸ್ತಕಗಳು ಹೇಳುತ್ತವೆ, ದಯವಿಟ್ಟು ನೋಡಿ" ಎಂದು ಅಲ್ಲಿ ಬರೆದಿದ್ದಳು. ಮುಖ್ಯ ಮಾತು ಕೊನೆಗೇ.

ನೀಲಿ ಚೀಟಿ. ಒಂದು ನೀಲಿ ಚೀಟಿ ಸಾಕಿತ್ತು. ಯಾರೋ ಗೊತ್ತಿಲ್ಲದವಳ ಪತ್ರವಾಗಿದ್ದರೆ ಮೂರನೇ ಪುಟ ಓದುತ್ತಿದ್ದೆ, ಗಂಟು ಬಿಚ್ಚುತ್ತಿದ್ದೆ. ಅಕ್ಕನದೆಂದು ಓದಲಿಲ್ಲ. ಅವಳು ನನ್ನ ಅಕ್ಕ ಆಗಿದ್ದಕ್ಕೇ ಅವಳಿಗೆ ಅನ್ಯಾಯ ಮಾಡಿದೆ. ಒಳ್ಳೆಯವಳು ಅನ್ನಿಸಿಕೊಳ್ಳುವ ಚಟಕ್ಕೆ ಮಾಡಿದೆ. ನನಗೆ ಅಳು ಬಂತು, ನೆಲಮಾಳಿಗೆಯಲ್ಲಿ ಕೂತು ಅತ್ತೆ.

ಮೇ ೯, ಗುರುವಾರ

ಬಾಗಿಲು ತೆರೆಯುವ ಮುಂಚೆಯೇ ಪೂರ್ಣವಿರಾಮರ ಕೋಣೆಯ ಮುಂದೆ ನಿಂತಿದ್ದೆ. ತಪ್ಪು ನನ್ನದು, ಶಿಕ್ಷೆ ಕೊಡಿ, ಪತ್ರಕ್ಕೆ ನೀಲಿ ಚೀಟಿ ಸೇರಿಸಿ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ತೋರಿಸಿದರು, ನೀರು ಕೊಟ್ಟರು.

"ಪಟ್ಟಿ ಎರಡೂ ಕಡೆಯವರ ಕೈಲಿದೆ. ಈಗ ಒಂದು ಚೀಟಿ ಬದಲಾಯ್ಸಿದ್ರೆ ಕಂಪನಿಯವರು ಕೋರ್ಟಿಗೆ ಹೋಗ್ತಾರೆ. ಯಾರು ಬದಲಾಯ್ಸಿದ್ದು, ಬರೆದವಳ ತಂಗಿ. ಇಷ್ಟು ಸಾಕು ಅವರಿಗೆ. ನಾಲ್ಕು ಸಾವಿರ ಪತ್ರಾನೂ ಕಸ ಅಂತ ಬಿಸಾಕಿಸ್ತಾರೆ."

"ಆದ್ರೆ ಅದು ನಿಜ ಅಲ್ವಾ ಮೇಡಂ? ಆ ಅಳತೆ ನಿಜ."

"ನಿಜ ಅಲ್ಲ ಅಂತ ನಾನು ಹೇಳ್ಲಿಲ್ಲ. ಸಮಯಕ್ಕೆ ಬರ್ಲಿಲ್ಲ ಅಂತ ಹೇಳ್ದೆ. ಹೋಗು, ಮುಖ ತೊಳ್ಕೊ."

ಸಮಯಕ್ಕೆ ಬಂದಿತ್ತು. ಪಟ್ಟಿ ಮುಚ್ಚುವ ನಲವತ್ತೈದು ದಿನ ಮುಂಚೆಯೇ ಬಂದಿತ್ತು.

ಮೊದಲ ಪುಸ್ತಕ ಹಿಡಿದು ಮೂರನೇ ಮಹಡಿಗೆ ಹೋದೆ. ನೀರಣ್ಣ ನನ್ನ ಮಾತು ಪೂರ್ತಿ ಕೇಳಿದರು. ಪುಸ್ತಕದ ರಟ್ಟಿನ ಮೇಲೆ ಅಂಗೈ ಇಟ್ಟರು, ತೆರೆಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. "ಎಷ್ಟು ವರ್ಷ ಅಂದೆ?" ಎಂದರು. ಮೂವತ್ತೊಂದು ಎಂದೆ. ಪುಸ್ತಕವನ್ನು ನನ್ನ ಕಡೆಗೆ ತಳ್ಳಿ, "ತಗೊಂಡು ಹೋಗಮ್ಮ. ಟ್ರೇಗೆ ಬರದೇ ಇರೋದನ್ನ ನಾನು ನೋಡಿದ್ರೆ ನನ್ನ ಉಳಿದ ಆಕ್ಷೇಪಣೆಗೂ ಬೆಲೆ ಹೋಗುತ್ತೆ. ತೆರೆದ್ರೆ ಮರೆಯಕ್ಕೆ ಆಗಲ್ಲ ನಂಗೆ" ಎಂದರು.

ಹೊರಗೆ ಬರುವಾಗ ಮೇಜಿನ ಮೇಲೆ ತಲೆ ಇಟ್ಟಿದ್ದರು.

ಮೇ ೧೩, ಸೋಮವಾರ

ಅಕ್ಕನಿಗೆ ಎಲ್ಲವನ್ನೂ ಬರೆಯಬೇಕೆಂದು ಕೂತೆ. 'ಪ್ರೀತಿಯ ಅಕ್ಕನಿಗೆ' ಎಂದು ಬರೆದೆ. ಆಮೇಲೆ ಊಟಕ್ಕೆ ಹೊತ್ತಾಯಿತು.

ಜೂನ್ ೧೨, ಬುಧವಾರ

ಉತ್ತರಗಳ ಸಂಪುಟ ಸಿದ್ಧವಾಗುತ್ತಿದೆ. ೧೧೪೬ಕ್ಕೆ ಉತ್ತರ ಬರೆಯುವ ಸರದಿ ಇವತ್ತು ಬಂತು. ಸಿದ್ಧ ಉತ್ತರ ಹೀಗಿದೆ: "ಬಾಧಿತ ಉದ್ದಿಮೆಗಳಿಗೆ ಸೂಕ್ತ ಪುನರ್ವಸತಿ ಒದಗಿಸಲಾಗುವುದು." ನಾನು ಅದರ ಕೆಳಗೆ 'ಪತ್ರದೊಂದಿಗೆ ನೀರಿನ ಅಳತೆಯ ದಾಖಲೆಗಳೂ ಇವೆ' ಎಂದು ಒಂದು ಸಾಲು ಸೇರಿಸಿದೆ. ಪೂರ್ಣವಿರಾಮ ಕೆಂಪು ಶಾಯಿಯಲ್ಲಿ ಹೊಡೆದು ವಾಪಸ್ ಕಳಿಸಿದರು. ನಾನು ಮತ್ತೆ ಸೇರಿಸಿದೆ. ಅವರು ಮತ್ತೆ ಹೊಡೆದರು.

ಮೂರನೇ ಸಲ ಸೇರಿಸಲಿಲ್ಲ. ಅಷ್ಟಾದರೂ ಹೋರಾಡಿದೆನಲ್ಲ.

ಜೂನ್ ೨೮, ಶುಕ್ರವಾರ

ಹಳದಿ, ಬೂದು ಕಪಾಟಿನ ಲಗತ್ತುಗಳನ್ನೆಲ್ಲ ಚೂರು ಮಾಡುವ ಯಂತ್ರಕ್ಕೆ ಹಾಕಬೇಕೆಂದು ಆದೇಶ ಬಂತು. ಜಾಗ ಬೇಕಂತೆ. ಅಜ್ಜನ ಕಲ್ಲನ್ನು ಕಾವಲುಗಾರ ಬಾಗಿಲಿಗೆ ಅಡ್ಡ ಇಡಲು ಒಯ್ದ.

ಅಕ್ಕನ ಪುಸ್ತಕಗಳನ್ನು ಯಂತ್ರಕ್ಕೆ ಹಾಕಲು ನನ್ನಿಂದ ಆಗಲಿಲ್ಲ. ನಮ್ಮವರ ಬಸ್ಸು ನಾಲ್ಕೂವರೆಗೆ ಆಫೀಸಿನ ಮುಂದೆ ಹಾಯುತ್ತದೆ. ಎರಡು ಚೀಲದಲ್ಲಿ ತುಂಬಿ, ಡ್ರೈವರ್ ಸೀಟಿನ ಹಿಂದೆ ಇಟ್ಟು ಮನೆಗೆ ತಂದೆ. ಮಲಗುವ ಕೋಣೆಯ ಕಪಾಟಿನ ತಳದಲ್ಲಿಟ್ಟು ಮೇಲೆ ಹೊದಿಕೆಗಳನ್ನು ಜೋಡಿಸಿದೆ. ಅಕ್ಕನೇ ಒಗೆದು ಇಸ್ತ್ರಿ ಮಾಡಿ ವರ್ಷಕ್ಕೊಮ್ಮೆ ಕಳಿಸುವ ಹೊದಿಕೆಗಳು.

ವಿಲೇವಾರಿ ಪುಸ್ತಕದಲ್ಲಿ ೧೧೪೬ರ ಎದುರು 'ಚೂರು ಮಾಡಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಬೇರೆ ದಾರಿ ಇರಲಿಲ್ಲ. ಪುಸ್ತಕಗಳನ್ನು ಉಳಿಸಿದೆ, ಅದು ಮುಖ್ಯ.

"ಇದೆಲ್ಲ ಅಕ್ಕನಿಗೆ ಯಾವಾಗ ವಾಪಸ್ ಕೊಡ್ತೀಯ?" ಎಂದು ನಮ್ಮವರು ಕೇಳಿದರು. ಸರಿಯಾದ ಹೊತ್ತು ನೋಡಿ ಎಂದೆ.

ಜುಲೈ ೯, ಮಂಗಳವಾರ

ಗಣಿಗೆ ಅನುಮತಿ ಸಿಕ್ಕಿತು. ಪೂರ್ತಿ ಆಳಕ್ಕೆ. ನೀರಣ್ಣನ ಆಕ್ಷೇಪಣೆ ಕೊನೆಯ ಪುಟದ ಅಡಿಟಿಪ್ಪಣಿಯಾಗಿ ಬಂದಿದೆ: "ದೀರ್ಘಾವಧಿಯ ಅಳತೆಗಳ ಅಭಾವದಲ್ಲಿ ಈ ಆಕ್ಷೇಪಣೆಯನ್ನು ಪರಿಗಣಿಸಲಾಗಿಲ್ಲ." ಮಧ್ಯಾಹ್ನ ಮೆಟ್ಟಿಲ ಮೇಲೆ ಎದುರಾದರು. ನಾನು ಗೋಡೆಗೆ ಸರಿದು ದಾರಿ ಬಿಟ್ಟೆ, ಅವರು ಇಳಿದು ಹೋದರು. ಮೊದಲಾದರೆ ಮಾತಾಡುತ್ತಿದ್ದೆವು.

ಜುಲೈ ೨೧, ಭಾನುವಾರ

ಅಕ್ಕ ನಿನ್ನೆ ಬಂದವಳು ಇವತ್ತು ಮಧ್ಯಾಹ್ನದ ಬಸ್ಸಿಗೆ ಹೋದಳು. ಉತ್ತರಗಳ ಸಂಪುಟ ತಂದಿದ್ದಳು. ತನ್ನ ಪತ್ರದ ಪುಟಕ್ಕೆ ಬಟ್ಟೆಯ ಕ್ಲಿಪ್ಪು ಹಾಕಿದ್ದಳು.

"ನೋಡೇ, ಪುನರ್ವಸತಿಯಂತೆ. ನಾನು ನೀರಿನ ಬಗ್ಗೆ ಕೇಳಿದ್ರೆ ಪುನರ್ವಸತಿ ಅಂತಾರೆ. ಯಾವ ಕತ್ತೆ ಓದಿದ್ದು ಇದನ್ನ? ಪುಸ್ತಕದ ಗಂಟು ಬಿಚ್ಚೇ ಇಲ್ಲ ಅನ್ಸುತ್ತೆ."

"ನಾಲ್ಕು ಸಾವಿರ ಪತ್ರ ಅಕ್ಕ. ಬೇರೆ ಬೇರೆಯವರು ನೋಡ್ತಾರೆ."

"ನೀನು ನೋಡ್ಲಿಲ್ವಾ?"

"ನಾನು ನಿನ್ನದನ್ನ ನೋಡೋ ಹಾಗಿರ್ಲಿಲ್ಲ."

ಇದು ಸುಳ್ಳಲ್ಲ. ನಿಯಮ ಹಾಗೇ ಇದೆ.

ಒಬ್ಬ ವಕೀಲನನ್ನು ಕಂಡು ಬಂದಿದ್ದಾಳೆ. ಅನುಮತಿಯ ವಿರುದ್ಧ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದಂತೆ. ಕಳಿಸಿದ್ದ ಪುಸ್ತಕಗಳನ್ನೇ ಕೋರ್ಟಿನ ಮುಂದಿಟ್ಟರೆ ಗೆಲ್ಲುವ ಕೇಸು ಎಂದನಂತೆ. "ನಿಮ್ಮ ಆಫೀಸಲ್ಲೇ ಇದ್ಯಲ್ಲ. ಸ್ವಲ್ಪ ತೆಗೆಸ್ಕೊಡು. ಇಷ್ಟು ದಿನ ನಿನ್ನ ಹತ್ರ ಏನೂ ಕೇಳಿಲ್ಲ" ಎಂದಳು. ವಿಚಾರಿಸ್ತೀನಿ ಎಂದೆ.

ಅವಳಿಗೆ ಹಾಸಿಗೆ ಸಿದ್ಧ ಮಾಡುತ್ತಿದ್ದಾಗ ತಾನೇ ಎದ್ದು ಕಪಾಟಿಗೆ ಕೈ ಹಾಕಿದಳು, ಇನ್ನೊಂದು ಹೊದಿಕೆ ತೆಗೆಯಲು. ನಾನು ಓಡಿಹೋಗಿ ಅಡ್ಡ ನಿಂತೆ. "ನೀನು ಕೂತ್ಕೊ ಅಕ್ಕ, ದಿನಾ ಅದೇ ಕೆಲಸ ಮಾಡ್ತೀಯ, ಇಲ್ಲಾದ್ರೂ ಆರಾಮಾಗಿರು." ಅವಳ ಕಣ್ಣು ತುಂಬಿತು. ನನ್ನ ಕೆನ್ನೆ ಸವರಿದಳು. ಕೈ ಸೋಪಿಗೆ ಒಡೆದು ಒರಟಾಗಿದೆ.

ನಮ್ಮವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲಿಂದ ನನ್ನ ಹತ್ತಿರ ಮಾತಾಡಿಲ್ಲ. ಅವರಿಗೆ ಆಫೀಸಿನ ವ್ಯವಹಾರ ಅರ್ಥವಾಗುವುದಿಲ್ಲ. ವಿಲೇವಾರಿ ಪುಸ್ತಕದಲ್ಲಿ ನನ್ನ ಸಹಿ ಇದೆ. ಚೂರಾದ ಪುಸ್ತಕ ಕೋರ್ಟಿಗೆ ಬಂದರೆ ಮೊದಲು ಕೇಳುವುದು ನನ್ನನ್ನು. ಕೆಲಸ ಹೋಗುತ್ತದೆ, ಪೋಲೀಸರು ಬರುತ್ತಾರೆ. ಅಕ್ಕನಿಗೇ ಅದರಿಂದ ಎಷ್ಟು ನೋವಾಗುತ್ತದೆ.

ಆಗಸ್ಟ್ ೮, ಗುರುವಾರ

ಮೇಲ್ಮನವಿಯ ಅವಧಿ ಇವತ್ತು ಮುಗಿಯಿತು. ಮೊನ್ನೆಯೇ ಅಕ್ಕನಿಗೆ ಹೇಳಿದ್ದೆ, ಪುಸ್ತಕಗಳು ಸಿಗಲಿಲ್ಲ ಎಂದು. "ನೀನು ಪ್ರಯತ್ನ ಪಟ್ಯಲ್ಲ, ಬಿಡು" ಎಂದಳು.

ಸೆಪ್ಟೆಂಬರ್ ೨, ಸೋಮವಾರ

ಬಡ್ತಿ ಸಿಕ್ಕಿದೆ. ನಿಗಾ ವಿಭಾಗ. ಗಣಿ ಶುರುವಾದ ಮೇಲೆ ಬರುವ ದೂರುಗಳನ್ನು ನೋಡಿಕೊಳ್ಳುವ ಕೆಲಸ. ಕಿಟಕಿ ಇರುವ ಕೋಣೆ. "ನಂಬಿಕಸ್ಥರು ಬೇಕು ಅಲ್ಲಿಗೆ" ಎಂದರು ಪೂರ್ಣವಿರಾಮ. ಒಳ್ಳೆಯ ಪೆನ್ಸಿಲ್ಲುಗಳು, ಎರಡು ಮನೆಗೆ ತಂದೆ.

ಮರುವರ್ಷ, ಅಕ್ಟೋಬರ್ ೧೪, ಮಂಗಳವಾರ

ದಿನಚರಿ ಬರೆದು ವರ್ಷವಾಯಿತು. ಬರೆಯುವಂಥದ್ದೇನೂ ಇರಲಿಲ್ಲ.

ಜೂನ್‌ನಿಂದ ಗಣಿಯ ಪಂಪುಗಳು ಓಡುತ್ತಿವೆ. ಇವತ್ತಿನ ದೂರುಗಳಲ್ಲಿ ಅಕ್ಕನದೊಂದು ಕಾರ್ಡು ಇತ್ತು: ಇಪ್ಪತ್ತೊಂದು ಡಿಗ್ರಿ, ಹನ್ನೆರಡು ಹನಿ. ಕೆಳಗೆ, "ಸೋಪು ಉಳಿಯುತ್ತಿದೆ, ನೀರು ಉಳಿಯುತ್ತಿಲ್ಲ" ಎಂದು ಬರೆದಿದ್ದಾಳೆ. ಅವಳ ತಮಾಷೆ ಹೋಗಿಲ್ಲ.

ಒಂದೇ ಅಳತೆಯ ಆಧಾರದಲ್ಲಿ ಏನೂ ಹೇಳಲಾಗದು. ಗಮನಿಸಲಾಗಿದೆ ಎಂದು ಉತ್ತರಿಸಿದೆ.

ನವೆಂಬರ್ ೩, ಸೋಮವಾರ

ಅಕ್ಕನ ಕಾರ್ಡು. ಹದಿನಾರು ಡಿಗ್ರಿ, ಏಳು ಹನಿ. ಏಳು ಹೆಂಗಸರನ್ನು ಮನೆಗೆ ಕಳಿಸಿದ್ದಾಳಂತೆ. ಗಮನಿಸಲಾಗಿದೆ.

ನಮ್ಮವರು ಟೀ ಕುಡಿಯುತ್ತ ಏನೋ ಕೇಳಿದರು. ಏನೆಂದು ಮರೆತೆ.

ನವೆಂಬರ್ ೨೧, ಶುಕ್ರವಾರ

ಅಕ್ಕ ಈ ಸಲ ಕಾರ್ಡಲ್ಲ, ನಮೂನೆ ತುಂಬಿ ವಿಧಿವತ್ತಾಗಿ ದೂರು ಕೊಟ್ಟಿದ್ದಾಳೆ. ಒರತೆ ಹದಿನೈದನೇ ತಾರೀಖಿಗೆ ನಿಂತುಹೋಗಿದೆ. ಲಾಂಡ್ರಿ ಮುಚ್ಚಿದೆ. 'ಹಿಂದಿನ ಅಳತೆಯ ಪುರಾವೆ ಇದೆಯೇ' ಎಂಬ ಕಲಮಿನಲ್ಲಿ ಹೀಗೆ ಬರೆದಿದ್ದಾಳೆ: "ಇದೆ. ಮೂವತ್ತೊಂದು ಪುಸ್ತಕ. ನಿಮ್ಮ ಕಚೇರಿಯಲ್ಲೇ ಎಲ್ಲೋ ಇವೆ. ಮೊದಲನೆಯದು ನನ್ನ ತಂಗಿಯ ಕೈಬರಹ, ಅವಳು ಅಲ್ಲೇ ಕೆಲಸ ಮಾಡುತ್ತಾಳೆ, ಬೇಕಾದರೆ ಅವಳನ್ನೇ ಕೇಳಿ."

ಸಂಬಂಧಿಕರ ದೂರನ್ನು ಬೇರೆಯವರಿಗೆ ಕೊಡಬಹುದಿತ್ತು. ಕೊಟ್ಟರೆ ಅವರು ನೆಲಮಾಳಿಗೆಯವರೆಗೂ ಹೋಗಿ ಹಳೆಯ ವಿಲೇವಾರಿ ಪುಸ್ತಕ ತೆಗೆಯುತ್ತಾರೆ, ಸುಮ್ಮನೆ ಎಲ್ಲರಿಗೂ ತೊಂದರೆ. ನಾನೇ ಉತ್ತರ ಬರೆದೆ: "ಗಣಿ ಆರಂಭಕ್ಕೆ ಮುಂಚಿನ ಅಳತೆಗಳು ಕಚೇರಿಯ ದಾಖಲೆಗಳಲ್ಲಿ ದೊರೆಯದ ಕಾರಣ ಹೋಲಿಕೆ ಸಾಧ್ಯವಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ." ಚೊಕ್ಕವಾಗಿ ಬಂತು. ಐದು ಗಂಟೆಯ ಅಂಚೆಗೆ ಹಾಕಿದೆ.

ಮನೆಗೆ ಬಂದು ಹಾಸಿಗೆಯ ಹೊದಿಕೆ ಬದಲಿಸಿದೆ. ಕಪಾಟಿನಲ್ಲಿ ಅಕ್ಕ ಒಗೆದು ಕಳಿಸಿದ್ದರಲ್ಲಿ ಕೊನೆಯದು ಇದೇ. ತೆಗೆದ ಮೇಲೆ ತಳದ ಪುಸ್ತಕಗಳು ಕಾಣುತ್ತಿವೆ. ನಾಳೆ ಅವುಗಳ ಮೇಲೆ ಮುಚ್ಚಲು ಬೇರೆ ಏನಾದರೂ ತರಬೇಕು.